ಕರೆಂಟಿನ ಭಯ: ಹಳೇ ಸ್ಟೀಫನ್ ಕಿಂಗ್ ಮತ್ತೆ ಸಿಕ್ಕಾಗ

ಭಯದ ಕಥೆಗಳಿಗೆ ಹೆಸರಾದ ಅಮೆರಿಕದ ಲೇಖಕ ಸ್ಟೀಫನ್ ಕಿಂಗ್ ಅವರ 2014ರ 'ರಿವೈವಲ್' ಕಾದಂಬರಿಯನ್ನು ನಾನು ಓದಿದ್ದು ತಡವಾಗಿ, ಮಂಡ್ಯದಿಂದ ಮೈಸೂರಿಗೆ ಕೆಲಸಕ್ಕೆ ಓಡಾಡುವ ರೈಲಿನಲ್ಲಿ. ಅಷ್ಟರಲ್ಲಿ ಅವರ ಹೊಸ ಪುಸ್ತಕ ಕೊಳ್ಳುವುದನ್ನೇ ಬಿಟ್ಟಿದ್ದೆ. 1999ರಲ್ಲಿ ರಸ್ತೆ ಬದಿ ನಡೆದು ಹೋಗುತ್ತಿದ್ದಾಗ ವ್ಯಾನ್ ಗುದ್ದಿ ಬದುಕಿ ಬಂದವರು ಅವರು. ಆಮೇಲೂ ಬೇಕಾದಷ್ಟು ಬರೆದರು. ಆದರೆ ಅವರದೇ 1983ರ ಕಾದಂಬರಿ 'ಪೆಟ್ ಸೆಮೆಟರಿ' ಓದಿದಾಗ ಹೊಟ್ಟೆಯೊಳಗೆ ಕೂತ ಭಯ ನನಗೆ ಮತ್ತೆ ಸಿಕ್ಕಿರಲಿಲ್ಲ.

ಇಲ್ಲಿ ಸಿಕ್ಕಿತು. ಅದೂ ಕರೆಂಟಿನಿಂದ!

ಕಥೆ ಶುರುವಾಗುವುದು 1962ರಲ್ಲಿ, ಅಮೆರಿಕದ ಮೇನ್ ರಾಜ್ಯದ ಸಣ್ಣ ಊರಲ್ಲಿ. ಆರು ವರ್ಷದ ಜೇಮಿ ಮನೆ ಮುಂದೆ ಮಣ್ಣಲ್ಲಿ ಆಟಿಕೆ ಸೈನಿಕರನ್ನು ನಿಲ್ಲಿಸಿಕೊಂಡು ಆಡುತ್ತಿರುತ್ತಾನೆ. ಮೇಲೊಂದು ನೆರಳು ಬೀಳುತ್ತದೆ: ಊರಿಗೆ ಹೊಸದಾಗಿ ಬಂದ ಪಾದ್ರಿ ಚಾರ್ಲ್ಸ್ ಜೇಕಬ್ಸ್. ಒಳ್ಳೆಯ ಮನುಷ್ಯ, ವಿದ್ಯುತ್ತಿನ ಹುಚ್ಚು. ಜೇಮಿಯ ಅಣ್ಣನ ದನಿ ಹೋದಾಗ ತಾನೇ ಮಾಡಿದ ಯಂತ್ರದಿಂದ ಗುಣಪಡಿಸುತ್ತಾನೆ. ಅಪಘಾತದಲ್ಲಿ ಹೆಂಡತಿ, ಪುಟ್ಟ ಮಗ ಇಬ್ಬರೂ ಹೋದ ಮೇಲೆ ಅದೇ ಮನುಷ್ಯ ಚರ್ಚಿನಲ್ಲಿ ನಿಂತು, ಧರ್ಮವೆಂಬುದು ವಿಮೆಯ ಹೆಸರಿನ ಮೋಸದಂತೆ ಎಂದು ಸಾರುತ್ತಾನೆ. ಆ ಅಧ್ಯಾಯ ಓದುವಾಗ ಪಾಂಡವಪುರ, ಶ್ರೀರಂಗಪಟ್ಟಣ ದಾಟಿದ್ದೇ ನನಗೆ ತಿಳಿಯಲಿಲ್ಲ.

ನಮ್ಮಪ್ಪ ಶಿವನಸಮುದ್ರದ ಪವರ್‌ಹೌಸಿನಲ್ಲಿ ಕೆಲಸಕ್ಕಿದ್ದರು. 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಕಳಿಸಿದ ಜಾಗ ಅದು. ಬೇಲಿಯ ಹತ್ತಿರ ಸುಳಿದರೆ ಗದರುತ್ತಿದ್ದರು: "ಕಣ್ಣಿಗ್ ಕಾಣಕಿಲ್ಲ ಕಣ್ಲಾ ಅದು. ಕಾಣೋ ಹೊತ್ಗೆ ಮುಗ್ದೋಗಿರ್ತದೆ." ಕಿಂಗ್ ಕೈ ಹಾಕಿರುವುದು ಈ ಭಯಕ್ಕೇ. ಜೇಕಬ್ಸ್ ಮುಟ್ಟಿದವರ ಕಾಯಿಲೆ ವಾಸಿಯಾಗುತ್ತದೆ, ಬೇರೇನೋ ಒಳಗೆ ಉಳಿದುಬಿಡುತ್ತದೆ. ದೊಡ್ಡವನಾದ ಜೇಮಿ ಹೆರಾಯಿನ್ ಚಟ ಬಿಟ್ಟವನು, ಒಂದು ರಾತ್ರಿ ತನ್ನ ಅರಿವಿಲ್ಲದೆ ಫೋರ್ಕಿನಿಂದ ತೋಳು ಚುಚ್ಚಿಕೊಳ್ಳುತ್ತಾ ನಿಂತಿರುತ್ತಾನೆ. ದೆವ್ವವಿಲ್ಲ, ರಕ್ತದ ಕೋಡಿಯಿಲ್ಲ. ಆ ಫೋರ್ಕ್ ಸಾಕು.

ನಡುವೆ ಜೇಮಿಯ ಗಿಟಾರ್, ಬ್ಯಾಂಡಿನ ಭಾಗ ಕೆಲವರಿಗೆ ಎಳೆದಂತೆ ಅನಿಸಬಹುದು. ಹಾರಿಸಬೇಡಿ. ಅಷ್ಟು ವರ್ಷ ಅವನ ಜೊತೆ ಬದುಕಿದ್ದರಿಂದಲೇ ಕೊನೆ ಹಾಗೆ ತಟ್ಟುತ್ತದೆ.

ಸತ್ತ ಮೇಲೆ ಏನಿದೆ ಎಂಬುದಕ್ಕೆ ಕಿಂಗ್ ಕೊನೆಯಲ್ಲಿ ಉತ್ತರ ಕೊಡುತ್ತಾರೆ, 67ರ ವಯಸ್ಸಿನಲ್ಲಿ, ಒಂದಿಷ್ಟೂ ಸಮಾಧಾನ ಹೇಳದೆ. ಪಿತೃಪಕ್ಷದಲ್ಲಿ ಎಡೆ ಇಡುವ ಮನೆಯವನು ನಾನು, ಆ ಉತ್ತರವನ್ನು ಒಪ್ಪಲಾರೆ. ಅಪ್ಪ ತೀರಿಕೊಂಡ ವರ್ಷ ಕೈಗೆ ಸಿಕ್ಕಿದ್ದರೆ ಅರ್ಧಕ್ಕೇ ಮುಚ್ಚಿಡುತ್ತಿದ್ದೆ. ಹತ್ತಿರದವರನ್ನು ಈಚೆಗೆ ಕಳೆದುಕೊಂಡವರು ಸ್ವಲ್ಪ ಕಾಲ ಬಿಟ್ಟು ಓದಿ. ಉಳಿದವರು ಇವತ್ತೇ ಶುರುಮಾಡಿ.