ಎಕ್ಸ್‌ಕವೇಟರ್ ನಿಂತ ದಿನ

ಬೆಳಗಿನ ಶಿಫ್ಟ್ ಶುರುವಾಗಿ ಸ್ವಲ್ಪ ಹೊತ್ತಾಗಿತ್ತು ಅಷ್ಟೆ. ಗುಡ್ಡ ಕಡಿದು ರಸ್ತೆ ಅಗಲ ಮಾಡುವ ಕೆಲಸ. ಮೇಲಿನ ಹಂತದಲ್ಲಿದ್ದ ಎಕ್ಸ್‌ಕವೇಟರ್‌ನ ಆಪರೇಟರ್ ವಾಕಿಟಾಕಿಯಲ್ಲಿ ಕರೆದ. "ಸರ್, ಆಯಿಲ್ ಬಿಸಿಯಾದ ಮೇಲೆ ಗಾಡಿಗೆ ಶಕ್ತಿನೇ ಇಲ್ಲ. ನಡೆಸಿದ್ರೆ ಎಡಕ್ಕೇ ಎಳ್ಕೊಂಡು ಹೋಗ್ತಿದೆ."

ಆ ಸೈಟ್‌ನಲ್ಲಿ ಯಂತ್ರಗಳ ಹೊಣೆ ನನ್ನದು. ಮಣ್ಣು ತೆಗೆಯುವ ಕೆಲಸದಲ್ಲಿ ಎಕ್ಸ್‌ಕವೇಟರ್ ನಿಂತರೆ ಅದೊಂದೇ ನಿಲ್ಲುವುದಿಲ್ಲ. ತುಂಬಿಸುವವರಿಲ್ಲದೆ ಟಿಪ್ಪರ್‌ಗಳು ಸಾಲುಗಟ್ಟುತ್ತವೆ. ಮಣ್ಣು ಬಾರದೆ ಕೆಳಗೆ ಅದನ್ನು ತಳ್ಳಿ ಹರಡುವ ಡೋಜರ್ ಸುಮ್ಮನಾಗುತ್ತದೆ, ಅದರ ಹಿಂದೆ ನೆಲ ಸಮ ಮಾಡುವ ಗ್ರೇಡರ್, ಅದರ ಹಿಂದೆ ರೋಲರ್. ಜಗತ್ತಿನ ದೊಡ್ಡ ದೊಡ್ಡ ಯಂತ್ರ ಕಂಪನಿಗಳ ಬಗ್ಗೆ ನಾನು ವರ್ಷಗಟ್ಟಲೆ ಕ್ಯಾಟಲಾಗ್ ಓದಿದ್ದೆ. ಅದಕ್ಕಿಂತ ಹೆಚ್ಚು ತಿಳಿದದ್ದು ಆ ಒಂದು ಹಗಲು, ಒಂದು ರಾತ್ರಿಯಲ್ಲಿ.

ಯಂತ್ರ ಯಾರದು ಎಂದು ಇಲ್ಲಿ ಬರೆಯುವುದಿಲ್ಲ. 20 ಟನ್ ವರ್ಗದ್ದು, ಚೆನ್ನಾಗಿ ದುಡಿದಿದ್ದ ಯಂತ್ರ. ಓಡಿದ ಗಂಟೆ ಎಣಿಸುವ ಅವರ್ ಮೀಟರ್ ನೋಡಿದರೆ ಯಾವುದಾದರೊಂದು ದೊಡ್ಡ ಭಾಗ ಸವೆಯುವ ವಯಸ್ಸೇ ಆಗಿತ್ತು.

ನಮ್ಮ ಹಿರಿಯ ಮೆಕ್ಯಾನಿಕ್ ಬಂದವರು ಮೊದಲು ಏನನ್ನೂ ಬಿಚ್ಚಲಿಲ್ಲ. ಯಂತ್ರದ ದೊಡ್ಡ ತೋಳು ಬೂಮ್ ಎತ್ತಿಸಿದರು, ಮೇಲ್ಭಾಗವನ್ನು ಸುತ್ತ ತಿರುಗಿಸಿ ನೋಡಿದರು, ಮುಂದೆ ಹಿಂದೆ ನಡೆಸಿದರು. ಆಮೇಲೆ ಎಡ ಬಲ ಟ್ರ್ಯಾಕ್‌ಗಳಿಗೆ ಒಂದೊಂದರಂತೆ ಆಯಿಲ್ ತಳ್ಳುವ ಎರಡು ಪಂಪ್‌ಗಳಿಂದ, ಆಯಿಲ್ ಹಂಚುವ ಕಂಟ್ರೋಲ್ ವಾಲ್ವ್‌ಗೆ ಹೋಗುವ ದಪ್ಪ ಹೋಸ್‌ಗಳನ್ನು ಅದಲುಬದಲು ಮಾಡಿ ಕಟ್ಟಿಸಿದರು. ಈಗ ನಡೆಸಿದರೆ ಯಂತ್ರ ಬಲಕ್ಕೆ ಎಳೆಯಿತು.

"ನೋಡಿದ್ರಾ ಸರ್? ಹೋಸ್ ಜೊತೆಗೆ ಕಾಯಿಲೆನೂ ಈ ಕಡೆ ಬಂತು. ವಾಲ್ವು, ಟ್ರ್ಯಾಕ್ ಮೋಟರು ಎಲ್ಲ ಸರಿಯಾಗಿವೆ. ಪಂಪೇ ಹೋಗಿರೋದು."

"ಅಣ್ಣಾ, ಫಿಲ್ಟರ್ ಬಿಚ್ಚಿ ಖಾತ್ರಿ ಮಾಡ್ಕೊಳ್ಳೋಣ," ಎಂದೆ. ಫಿಲ್ಟರ್‌ನ ಮಡಿಕೆಗಳನ್ನು ಬಿಳಿ ಬಟ್ಟೆಯ ಮೇಲೆ ಬಿಡಿಸಿಟ್ಟಾಗ ಬಂಗಾರದ ಬಣ್ಣದ ಸಣ್ಣ ಸಣ್ಣ ಚೂರುಗಳು ಹೊಳೆದವು. ಹಿತ್ತಾಳೆ. ಇನ್ನು ಅನುಮಾನಕ್ಕೆ ಜಾಗವಿರಲಿಲ್ಲ.

ಆ ಹಿತ್ತಾಳೆ ಎಲ್ಲಿಂದ ಬಂತು ಎಂದು ಹೇಳಬೇಕು, ಏಕೆಂದರೆ ಇಡೀ ಯಂತ್ರದ ಜೀವ ಇರುವುದು ಅಲ್ಲೇ. ಪಂಪ್‌ನೊಳಗೆ ಗಿರಗಿರನೆ ಸುತ್ತುವ ಉಕ್ಕಿನ ದಿಂಡು, ಅದರಲ್ಲಿ ವೃತ್ತಾಕಾರವಾಗಿ ಕೊರೆದ ಒಂಬತ್ತು ರಂಧ್ರ, ಒಂದೊಂದರಲ್ಲಿ ಒಂದೊಂದು ಪಿಸ್ಟನ್. ಪಿಸ್ಟನ್ ತುದಿಯಲ್ಲಿರುವ ಹಿತ್ತಾಳೆಯ ಪಾದ ಓರೆಯಾಗಿ ನಿಂತ ತಟ್ಟೆಯ ಮೇಲೆ ಜಾರುತ್ತ ಹೋಗುತ್ತದೆ. ತಟ್ಟೆ ಹೆಚ್ಚು ಓರೆಯಾದಷ್ಟೂ ಹೆಚ್ಚು ಆಯಿಲ್. ಪಾದಕ್ಕೂ ತಟ್ಟೆಗೂ ನಡುವೆ ಉಳಿಯುವುದು ಮೈಕ್ರಾನ್ ಲೆಕ್ಕದ ತೆಳುವಾದ ಆಯಿಲ್ ಪದರ ಮಾತ್ರ. ಒತ್ತಡವೋ ಸುಮಾರು 350 ಬಾರ್, ಕಾರಿನ ಟೈರ್‌ನಲ್ಲಿರುವ ಗಾಳಿಯ ನೂರು ಪಟ್ಟಿಗೂ ಹೆಚ್ಚು. ಕಣ್ಣಿಗೆ ಕಾಣದ ಧೂಳಿನ ಕಣ ಆ ಪದರಕ್ಕೆ ನುಗ್ಗಿದರೆ ಸಾಕು, ಪಾದ ಗೀರುತ್ತದೆ. ಗೀರಿನಿಂದ ಆಯಿಲ್ ಒಳಗೇ ಸೋರುತ್ತದೆ. ಆಯಿಲ್ ಬಿಸಿಯಾಗಿ ತೆಳುವಾದಂತೆ ಸೋರಿಕೆ ಇನ್ನೂ ಹೆಚ್ಚು. ನಮ್ಮ ಆಪರೇಟರ್ "ಬಿಸಿಯಾದ ಮೇಲೆ" ಎಂದದ್ದರಲ್ಲೇ ಅರ್ಧ ಉತ್ತರ ಇತ್ತು.

ಡೀಲರ್‌ಗೆ ಫೋನ್ ಮಾಡಿದೆ. ಪಂಪ್ ತಮ್ಮ ಡಿಪೋದಲ್ಲಿಲ್ಲ, ಮೇಲಿನ ಗೋದಾಮಿನಲ್ಲೂ ಇಲ್ಲ, ಹೊರದೇಶದಿಂದ ತರಿಸಬೇಕು, ದಿನಾಂಕ ಹೇಳಲಾಗದು ಎಂದರು. ಮಾತು ಬಹಳ ವಿನಯದ್ದು, ಆದರೆ ವಿನಯದಿಂದ ಪಂಪ್ ಬರುವುದಿಲ್ಲವಲ್ಲ. ಯಂತ್ರ ಮಾರುವಾಗ ತೋರಿಸಿದ ಉತ್ಸಾಹದ ಕಾಲು ಭಾಗ ಅಲ್ಲಿದ್ದಿದ್ದರೂ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

ಫೋನ್ ಇಟ್ಟು ಸೈಟ್ ಉದ್ದಕ್ಕೂ ಒಮ್ಮೆ ನಡೆದೆ. ಬಣ್ಣ ಬಣ್ಣದ ಯಂತ್ರಗಳು ಬೇರೆ ಬೇರೆ ದೇಶದ ಹೆಸರು ಹೊತ್ತು ನಿಂತಿದ್ದವು. ನಿಂತ ಯಂತ್ರದ ಕಷ್ಟ ತಲೆಯಲ್ಲಿ ತುಂಬಿದ್ದರಿಂದಲೋ ಏನೋ, ಪ್ರತಿಯೊಂದನ್ನೂ ಅಂದು ಬೇರೆ ಕಣ್ಣಿನಿಂದ ನೋಡಿದೆ. ಇವುಗಳಲ್ಲಿ ಎಷ್ಟೋ ಯಂತ್ರಗಳು ಹುಟ್ಟಿದ್ದೇ ಯಾರದೋ ಕೆಲಸ ಎಲ್ಲೋ ಸಿಕ್ಕಿಕೊಂಡಾಗ.

ಡೋಜರ್‌ನ ಟ್ರ್ಯಾಕ್ ಚೈನ್ ತೆಗೆದುಕೊಳ್ಳಿ. ಕ್ಯಾಲಿಫೋರ್ನಿಯಾದ ಸ್ಟಾಕ್‌ಟನ್ ಸುತ್ತಲಿನ ನದೀಮುಖಜ ಭೂಮಿಯ ಮಣ್ಣು ಎಷ್ಟು ಮೆತ್ತಗೆಂದರೆ ಭಾರೀ ಉಗಿ ಟ್ರ್ಯಾಕ್ಟರ್‌ಗಳ ಚಕ್ರ ಹೂತುಹೋಗುತ್ತಿದ್ದವು. ಚಕ್ರವನ್ನು ಎಷ್ಟು ಅಗಲ ಮಾಡಿದರೂ ಸಾಲದು. 1904ರಲ್ಲಿ ಬೆಂಜಮಿನ್ ಹೋಲ್ಟ್ ಚಕ್ರ ತೆಗೆದು, ಮರದ ಹಲಗೆ ಜೋಡಿಸಿದ ಚೈನ್ ಹಾಕಿ ಓಡಿಸಿದ. 1925ರಲ್ಲಿ ಅವನ ಕಂಪನಿಯೂ ಪ್ರತಿಸ್ಪರ್ಧಿ ಬೆಸ್ಟ್ ಕಂಪನಿಯೂ ಸೇರಿ ಕ್ಯಾಟರ್‌ಪಿಲ್ಲರ್ ಆಯಿತು. ಹಳದಿ ಬಣ್ಣ ಬಂದದ್ದು 1931ರ ಕೊನೆಯಲ್ಲಿ, ರಸ್ತೆ ಕೆಲಸದಲ್ಲಿ ದೂರದಿಂದಲೇ ಕಾಣಲೆಂದು. ಮಾರಾಟದ ಲೆಕ್ಕದಲ್ಲಿ ಅದು ದಶಕಗಳಿಂದ ಮೊದಲ ಸ್ಥಾನದಲ್ಲಿದೆ.

ಆದರೆ ಆ ದಿನ ನನಗೆ ಕ್ಯಾಟರ್‌ಪಿಲ್ಲರ್‌ನಲ್ಲಿ ದೊಡ್ಡದಾಗಿ ಕಂಡದ್ದು ಅದರ ಡೋಜರ್ ಅಲ್ಲ. ನೂರೈವತ್ತಕ್ಕೂ ಹೆಚ್ಚು ಸ್ವತಂತ್ರ ಡೀಲರ್‌ಗಳು ಜಗತ್ತಿನ ಹೆಚ್ಚುಕಡಿಮೆ ಎಲ್ಲ ದೇಶಗಳಿಗೂ ಅದರ ಬಿಡಿಭಾಗ ಮುಟ್ಟಿಸುತ್ತಾರೆ. ಕೇಳಿದ ಭಾಗವನ್ನು 48 ಗಂಟೆಗಳಲ್ಲಿ ತಲುಪಿಸುವ ಗುರಿಯನ್ನು ಆ ಕಂಪನಿ ಬಹಳ ಹಿಂದೆಯೇ ಹಾಕಿಕೊಂಡಿತ್ತು. ಉಕ್ಕು ಕರಗಿಸಿ ಒಳ್ಳೆಯ ಯಂತ್ರ ಮಾಡುವವರು ಹಲವರಿದ್ದಾರೆ. ಎಲ್ಲೋ ಗುಡ್ಡದ ಮೇಲೆ ನಿಂತ ಯಂತ್ರಕ್ಕೆ ಸರಿಯಾದ ಸೀಲ್, ಸರಿಯಾದ ಬೇರಿಂಗ್ ಎರಡು ದಿನದಲ್ಲಿ ಬರುವಂತೆ ವ್ಯವಸ್ಥೆ ಕಟ್ಟುವುದಕ್ಕೆ ತಲೆಮಾರುಗಳೇ ಬೇಕು.

ಕೊಮಾಟ್ಸು ಕಥೆ ಇನ್ನೊಂದು ಬಗೆಯದು, ನನಗೆ ಬಹಳ ಇಷ್ಟವಾದದ್ದು. 1921ರಲ್ಲಿ ಜಪಾನಿನ ಇಶಿಕಾವಾ ಪ್ರಾಂತ್ಯದ ಕೊಮಾಟ್ಸು ಊರಿನಲ್ಲಿ ಹುಟ್ಟಿದ ಕಂಪನಿ. 1960ರ ದಶಕದ ಆರಂಭದಲ್ಲಿ ಕ್ಯಾಟರ್‌ಪಿಲ್ಲರ್ ಮಿತ್ಸುಬಿಷಿ ಜೊತೆ ಸೇರಿ ಜಪಾನಿಗೇ ಕಾಲಿಡುತ್ತದೆ ಎಂದಾದಾಗ ಕೊಮಾಟ್ಸು ಉಳಿಯುವುದೇ ಕಷ್ಟ ಎಂದುಕೊಂಡವರಿದ್ದರು. ಅವರು ಕೂಗಾಡಲಿಲ್ಲ. ತಮ್ಮ ಡೋಜರ್ ಎಲ್ಲೆಲ್ಲಿ ಸೋಲುತ್ತದೆ ಎಂದು ಹುಡುಕಿ, ಬಾಳಿಕೆಯೊಂದನ್ನೇ ಗುರಿಯಾಗಿಟ್ಟುಕೊಂಡು ಯಂತ್ರವನ್ನು ತಿದ್ದಿದರು. ಆ ಗುಣಮಟ್ಟ ಆಂದೋಲನದ ಹೆಸರು ಮಾರು-ಎ. 1964ರಲ್ಲಿ ಅವರಿಗೆ, ಗುಣಮಟ್ಟಕ್ಕೆಂದು ಕೊಡುವ ಡೆಮಿಂಗ್ ಪ್ರಶಸ್ತಿ ಬಂತು. ಇಂದು ಜಗತ್ತಿನ ಎರಡನೇ ದೊಡ್ಡ ತಯಾರಕರು ಅವರೇ. ಯಂತ್ರ ಎಲ್ಲಿದೆ, ಎಷ್ಟು ಗಂಟೆ ಓಡಿತು, ಏನು ದೋಷ ತೋರಿಸುತ್ತಿದೆ ಎಂದು ದೂರದಿಂದಲೇ ತಿಳಿಸುವ ಕೊಮ್‌ಟ್ರ್ಯಾಕ್ಸ್ ವ್ಯವಸ್ಥೆಯನ್ನು 2001ರಿಂದ ಜಪಾನಿನಲ್ಲಿ ತಮ್ಮ ಯಂತ್ರಗಳಿಗೆ ಮಾಮೂಲಾಗಿ ಅಳವಡಿಸಿದವರೂ ಇವರೇ. ಕದ್ದ ಎಕ್ಸ್‌ಕವೇಟರ್‌ಗಳಿಂದ ಎಟಿಎಂ ಕೀಳುವ ಕಳ್ಳತನ ಅಲ್ಲಿ ಹೆಚ್ಚಾದಾಗ ಯಂತ್ರದ ಮೇಲೆ ಕಣ್ಣಿಡುವ ಯೋಚನೆ ಬಂದಿತ್ತಂತೆ. ಕಳ್ಳರಿಗಾಗಿ ಬಂದದ್ದು ಮೆಕ್ಯಾನಿಕ್‌ಗಳ ಕೈಗೆ ಬಂದು ಸೇರಿತು.

ಕೆಳಗಿನ ತಿರುವಿನಲ್ಲಿ ಮಣ್ಣು ಸಾಗಿಸುವ, ನಡು ಮುರಿದಂತೆ ಬಾಗಿ ಹೊರಳುವ ಹಾಲರ್ ನಿಂತಿತ್ತು. ಮುಂದಿನ ತಲೆ ಒಂದು ಕಡೆ, ಹಿಂದಿನ ತೊಟ್ಟಿ ಇನ್ನೊಂದು ಕಡೆ ತಿರುಗಿದರೂ ಆರೂ ಚಕ್ರ ನೆಲ ಬಿಡುವುದಿಲ್ಲ. ಈ ಬಗೆಯ ವಾಹನವನ್ನು ಮೊದಲು ಸಾಲಾಗಿ ತಯಾರಿಸಿದವರು ಸ್ವೀಡನ್ನಿನ ವೋಲ್ವೋದವರು, 1966ರಲ್ಲಿ. ಎಕ್ಸ್‌ಕವೇಟರ್‌ಗಳೂ ಹಿಂದೆ ಉಕ್ಕಿನ ಹಗ್ಗ ಎಳೆದು ಕೆಲಸ ಮಾಡುತ್ತಿದ್ದವು. ಫ್ರಾನ್ಸಿನ ಪೊಕ್ಲೇನ್ 1960ರ ದಶಕದ ಆರಂಭದಲ್ಲಿ ಪೂರ್ತಿ ಸುತ್ತು ತಿರುಗುವ ಹೈಡ್ರಾಲಿಕ್ ಯಂತ್ರ ತಂದಿತು. ಹಿಟಾಚಿ 1965ರಲ್ಲಿ ಸ್ವಂತ ತಂತ್ರಜ್ಞಾನದ ಯುಎಚ್03 ಹೊರತಂದಿತು. ಹಗ್ಗ ಹೋಗಿ ಆಯಿಲ್ ಬಂದ ಆ ಕೆಲವು ವರ್ಷಗಳಲ್ಲೇ ಈ ಉದ್ಯಮದ ನಕ್ಷೆ ಬದಲಾಯಿತು.

ಮಧ್ಯಾಹ್ನದ ಹೊತ್ತಿಗೆ ನಮ್ಮ ಮೆಕ್ಯಾನಿಕ್ ಪಂಪ್ ಕೆಳಗಿಳಿಸಿ, ಅದರ ನೇಮ್‌ಪ್ಲೇಟ್ ಉಜ್ಜಿ ಓದುತ್ತಿದ್ದರು. "ಸರ್, ಇದು ಗಾಡಿ ಕಂಪನಿ ಮಾಡಿದ ಪಂಪ್ ಅಲ್ಲ. ಪಕ್ಕದ ಪ್ರಾಜೆಕ್ಟ್‌ನಲ್ಲಿ ಬೇರೆ ಕಂಪನಿ ಗಾಡಿ ಇದೆಯಲ್ಲ, ಅದರಲ್ಲೂ ಇದೇ ಪಂಪ್. ಅವರ ಸ್ಟೋರ್ಸ್‌ನಲ್ಲಿ ಒಳಗಿನ ಸೆಟ್ ಇದ್ರೆ ನಮಗೆ ಸಾಕು."

ಯಂತ್ರದ ಮೈಮೇಲಿನ ಹೆಸರನ್ನೇ ನೋಡುವವರಿಗೆ ಇದು ಕಾಣುವುದಿಲ್ಲ. ಎಕ್ಸ್‌ಕವೇಟರ್‌ಗಳ ಮುಖ್ಯ ಪಂಪ್ ಮಾಡುವ ಹೆಸರಾಂತರು ಬೆರಳೆಣಿಕೆಯಷ್ಟು: ಜಪಾನಿನ ಕವಾಸಾಕಿ, ಜರ್ಮನಿಯ ಬಾಷ್ ರೆಕ್ಸ್‌ರೋತ್, ಹೀಗೆ. ಕವಾಸಾಕಿಯ ಕೆ3ವಿ ಸರಣಿಯ ಪಂಪ್ ಒಂದಕ್ಕೊಂದು ಸಂಬಂಧವಿಲ್ಲದ ಎಷ್ಟೋ ಬ್ರಾಂಡ್‌ಗಳ ಯಂತ್ರಗಳಲ್ಲಿದೆ. ಇಂಜಿನ್‌ಗೆ ಹೋದರೆ ಕಮಿನ್ಸ್ ಹೆಸರು ಹಾಗೆಯೇ ಹಲವು ಬಾನೆಟ್‌ಗಳ ಕೆಳಗೆ ಸಿಗುತ್ತದೆ. ಇದಕ್ಕೆ ವಿರುದ್ಧ ದಾರಿ ಹಿಡಿದವರು ಲೀಬ್‌ಹರ್. ಎರಡನೇ ಮಹಾಯುದ್ಧ ಮುಗಿದು ಜರ್ಮನಿಯಲ್ಲಿ ಮನೆಗಳನ್ನು ಮತ್ತೆ ಕಟ್ಟಬೇಕಾಗಿದ್ದಾಗ, ಸಾಗಿಸಲು ಸುಲಭವಾದ, ಸೈಟ್‌ನಲ್ಲೇ ಬೇಗ ಎಬ್ಬಿಸಿ ನಿಲ್ಲಿಸಬಹುದಾದ ಟವರ್ ಕ್ರೇನನ್ನು ಹಾನ್ಸ್ ಲೀಬ್‌ಹರ್ 1949ರಲ್ಲಿ ಮಾಡಿದ. ಇಂದಿಗೂ ಆ ಕುಟುಂಬದ ಕೈಯಲ್ಲೇ ಇರುವ ಕಂಪನಿ ಡೀಸೆಲ್ ಇಂಜಿನ್, ಹೈಡ್ರಾಲಿಕ್ಸ್, ಗೇರ್‌ಬಾಕ್ಸ್ ಎಲ್ಲವನ್ನೂ ತಾನೇ ಮಾಡುತ್ತದೆ. ಎರಡೂ ದಾರಿಗೆ ಅದರದರ ಬಲವಿದೆ. ನನ್ನ ಮಟ್ಟಿಗೆ, ಆ ಮಧ್ಯಾಹ್ನ, ಹಲವರು ಹಂಚಿಕೊಂಡ ಪಂಪ್ ನಮ್ಮನ್ನು ಉಳಿಸಿತು.

ಪಕ್ಕದ ಪ್ರಾಜೆಕ್ಟ್‌ನವರು ಸೆಟ್ ಕೊಟ್ಟರು. ದಿಂಡು, ಪಿಸ್ಟನ್‌ಗಳು, ತಟ್ಟೆ, ಎಣ್ಣೆಕಾಗದದಲ್ಲಿ ಸುತ್ತಿಟ್ಟದ್ದು. ಬದಲಿಗೆ ನಮ್ಮದು ಬಂದಾಗ ಹಿಂತಿರುಗಿಸುವ ಒಪ್ಪಂದ. ಎಣಿಸಿದರೆ ಅವರು ನಮಗೆ ಪೈಪೋಟಿಯವರೇ, ಆದರೂ ಯಂತ್ರ ನಿಂತವನ ಕಷ್ಟ ಯಂತ್ರ ಇಟ್ಟವರಿಗೆಲ್ಲ ಗೊತ್ತು.

ರಾತ್ರಿಯ ಕೆಲಸದಲ್ಲಿ ಜೋಡಣೆಗಿಂತ ಹೆಚ್ಚು ಹೊತ್ತು ಹಿಡಿದದ್ದು ತೊಳೆಯುವುದು. ಹಳೆಯ ಪಂಪ್ ಉದುರಿಸಿದ ಹಿತ್ತಾಳೆ ಟ್ಯಾಂಕ್, ಕೂಲರ್, ಹೋಸ್‌ಗಳಲ್ಲೆಲ್ಲ ಕೂತಿರುತ್ತದೆ. ಅದನ್ನು ಬಿಟ್ಟರೆ ಹೊಸ ಸೆಟ್ ಕೆಲವೇ ದಿನಗಳಲ್ಲಿ ಹಳೆಯದರ ಹಾದಿ ಹಿಡಿಯುತ್ತದೆ. ಟ್ಯಾಂಕ್ ಬರಿದು ಮಾಡಿ ಒಳಗೆ ಕೈಯಾಡಿಸಿ ಒರೆಸಿದೆವು. ದಾರ ಬಿಡುವ ಬಟ್ಟೆ ಮುಟ್ಟಲು ಮೆಕ್ಯಾನಿಕ್ ಬಿಡಲಿಲ್ಲ. ಕೊನೆಗೆ ಹೊಸ ಫಿಲ್ಟರ್, ಹೊಸ ಆಯಿಲ್. ಇಂಜಿನ್ ಶುರು ಮಾಡುವ ಮುಂಚೆ ಪಂಪ್‌ನ ಹೊಟ್ಟೆಗೆ ಕೈಯಾರೆ ಆಯಿಲ್ ತುಂಬಿ, ಗಾಳಿಯ ಗುಳ್ಳೆ ಬರುವುದು ನಿಲ್ಲುವವರೆಗೂ ಪ್ಲಗ್ ಸಡಿಲ ಬಿಟ್ಟು ಕಾದರು. ಒಣಗಿದ ಪಂಪ್ ಕೆಲವು ಸೆಕೆಂಡ್ ಸುತ್ತಿದರೂ ಕೆಟ್ಟಂತೆಯೇ.

ಬೆಳಕು ಹರಿಯುವಾಗ ಯಂತ್ರ ನೇರವಾಗಿ ನಡೆಯಿತು. ಒಂದು ಶಿಫ್ಟ್ ಓಡಿಸಿ ಫಿಲ್ಟರ್ ಮತ್ತೆ ಬಿಚ್ಚಿ ನೋಡಿದೆವು, ಹೊಳೆಯುವ ಚೂರು ಇರಲಿಲ್ಲ.

ಕೆಲ ಕಾಲದ ನಂತರ ಹೊಸ ಎಕ್ಸ್‌ಕವೇಟರ್ ಕೊಳ್ಳಲು ಕೊಟೇಶನ್‌ಗಳು ಬಂದವು. ಚೀನಾದ ಸ್ಯಾನಿ, ಎಕ್ಸ್‌ಸಿಎಂಜಿ ಕೂಡ ಅದರಲ್ಲಿದ್ದವು. ಕೆಲವರು ಅವನ್ನು ಇನ್ನೂ ಅಗ್ಗದ ಸರಕೆಂದು ಬದಿಗಿಡುತ್ತಾರೆ, ನಾನು ಒಪ್ಪುವುದಿಲ್ಲ. 1989ರಲ್ಲಿ ಶುರುವಾದ ಸ್ಯಾನಿ 2012ರಲ್ಲಿ ಜರ್ಮನಿಯ ಹೆಸರಾಂತ ಕಾಂಕ್ರೀಟ್ ಪಂಪ್ ಕಂಪನಿ ಪುಟ್ಜ್‌ಮೈಸ್ಟರನ್ನೇ ಕೊಂಡಿತು. ಇಂಥವರನ್ನು ಕಡೆಗಣಿಸುವಂತಿಲ್ಲ. ಆದರೆ ಎಲ್ಲರಿಗೂ ಒಂದೇ ಅಳತೆ ಇರಲೆಂದು ಹೋಲಿಕೆ ಪಟ್ಟಿಯ ಮೊದಲ ಸಾಲು ಬದಲಿಸಿದೆ. ಹಾರ್ಸ್‌ಪವರ್, ಬಕೆಟ್ ಅಳತೆ ಕೆಳಗೆ ಹೋದವು. ಮೇಲೆ ಬರೆದದ್ದು ಇಷ್ಟು: ಮುಖ್ಯ ಪಂಪ್, ಮೇಲ್ಭಾಗ ತಿರುಗಿಸುವ ಸ್ವಿಂಗ್ ಮೋಟರ್, ಟ್ರ್ಯಾಕ್ ಓಡಿಸುವ ಫೈನಲ್ ಡ್ರೈವ್, ಇಂಜಿನ್ ಕಂಟ್ರೋಲರ್ ಯಾವ ಗೋದಾಮಿನಲ್ಲಿವೆ, ಎಷ್ಟು ಗಂಟೆಗಳಲ್ಲಿ ಸೈಟ್ ಮುಟ್ಟುತ್ತವೆ, ಬರವಣಿಗೆಯಲ್ಲಿ ಕೊಡಿ. ಕೆಲವರು ಗೋದಾಮಿನ ಹೆಸರು ಸಮೇತ ಬರೆದು ಕೊಟ್ಟರು. ಕೆಲವರು ಬರೆಯಲಿಲ್ಲ, ಬಾಯಿ ಮಾತಿನ ಭರವಸೆ ಕೊಟ್ಟರು. ಅವರ ಕೊಟೇಶನ್ ಮುಂದಿನ ಸುತ್ತಿಗೆ ಹೋಗಲಿಲ್ಲ.