ಡೊಂಕು ಯಾವ ಕಡೆಗೆ?

ನನ್ನ ತಮ್ಮ ಟೊರೊಂಟೊದಿಂದ ಬರುವಾಗ ಉದ್ದನೆಯ ಪೊಟ್ಟಣವೊಂದನ್ನು ಹೊತ್ತುಕೊಂಡು ಬಂದ. ಕರ್ಟನ್ ರಾಡ್ ಇರಬೇಕು ಅಂದುಕೊಂಡೆವು. ಬಿಚ್ಚಿದರೆ ಐಸ್ ಹಾಕಿ ಸ್ಟಿಕ್! ಜೂನಿಯರ್ ಸೈಜು, ಪೂರ್ತಿ ಕಾರ್ಬನ್ ಫೈಬರ್, ಎತ್ತಿದರೆ ತೂಕವೇ ಇಲ್ಲ. ಹನ್ನೊಂದು ವರ್ಷದ ನನ್ನ ಮಗಳು ಅವತ್ತು ಅದನ್ನು ಮಂಚದ ಪಕ್ಕದಲ್ಲೇ ಇಟ್ಟುಕೊಂಡು ಮಲಗಿದಳು.

ಬೆಂಗಳೂರಿನಲ್ಲಿ ಐಸ್ ಹಾಕಿ ಏನು ಮಣ್ಣು ಅಂತ ನೀವು ಕೇಳಬಹುದು. ನಮ್ಮತ್ತೆಯೂ ಕೇಳಿದರು. 2025ರಲ್ಲಿ ನಮ್ಮ ಹೆಣ್ಣುಮಕ್ಕಳ ಐಸ್ ಹಾಕಿ ತಂಡ ಏಷ್ಯಾ ಕಪ್‌ನಲ್ಲಿ ಕಂಚು ಗೆದ್ದಿತಲ್ಲ, ಆ ಲಡಾಖಿನ ಹುಡುಗಿಯರ ಫೋಟೋ ನೋಡಿದಾಗಿನಿಂದ ಇವಳಿಗೆ ಪಕ್ಕಿನ ಹುಚ್ಚು. ಪಕ್ ಅಂದರೆ ಈ ಆಟದಲ್ಲಿ ಚೆಂಡಿನ ಬದಲು ಹೊಡೆಯುವ ಚಪ್ಪಟೆ ಬಿಲ್ಲೆ. ನಮ್ಮಲ್ಲಿ ಐಸ್ ಇಲ್ಲದಿದ್ದರೂ ಸ್ಕೇಟಿಂಗಿಗೇನೂ ಬರಗಾಲವಿಲ್ಲ. ಚಕ್ರಗಳು ಒಂದೇ ಸಾಲಿನಲ್ಲಿರುವ ಸ್ಕೇಟ್ಸ್ ಹಾಕಿಕೊಂಡು, ಸಿಮೆಂಟಿನ ರಿಂಕಿನಲ್ಲಿ ಪಕ್ ಹೊಡೆಯುವ ಆಟ ಇಲ್ಲೂ ಇದೆ. ಇನ್‌ಲೈನ್ ಹಾಕಿ ಅನ್ನುತ್ತಾರೆ. ಸ್ಟಿಕ್ ಮಾತ್ರ ಐಸ್ ಹಾಕಿಯದೇ ಥರದ್ದು.

ತಮ್ಮ ಲೆಕ್ಕ ಹಾಕಿಯೇ ತಂದಿದ್ದ. ಸ್ಟಿಕ್ ನೆಟ್ಟಗೆ ನಿಲ್ಲಿಸಿದರೆ ಬರಿಗಾಲಲ್ಲಿ ಮೂಗಿನ ಮಟ್ಟಕ್ಕೆ ಬರಬೇಕು, ಸ್ಕೇಟ್ಸ್ ಹಾಕಿದರೆ ಗಲ್ಲದ ಮಟ್ಟಕ್ಕೆ. ಬಂತು. ಸ್ಟಿಕ್ಕಿನ ಮೇಲೆ 40 ಅಂತ ಬರೆದಿತ್ತು. ಅದು ಫ್ಲೆಕ್ಸ್, ಅಂದರೆ ಕೋಲು ಎಷ್ಟು ಬಗ್ಗುತ್ತದೆ ಅನ್ನುವ ಅಂಕಿ. ಮಗುವಿನ ತೂಕದ ಅರ್ಧ, ಪೌಂಡಿನಲ್ಲಿ. ಇವಳು 34 ಕೆ.ಜಿ., ಅಂದರೆ 75 ಪೌಂಡ್. ಅರ್ಧಕ್ಕೆ 40 ಹತ್ತಿರವೇ. ಉದ್ದ ಜಾಸ್ತಿ ಅನ್ನಿಸಿದರೂ ಸುಮ್ನೆ ಕತ್ತರಿಸಬೇಡ ಅಕ್ಕಾ, ಕತ್ತರಿಸಿದಷ್ಟೂ ಗಡುಸಾಗುತ್ತೆ ಅಂತಲೂ ಹೇಳಿದ. ಹತ್ತು ದಿನ ಇದ್ದು ವಿಮಾನ ಹತ್ತಿದ.

ಆಮೇಲಿನ ಶನಿವಾರ ರಿಂಕಿನಲ್ಲಿ ಗೊತ್ತಾಗಿದ್ದು, ಅವನು ಒಂದನ್ನು ಬಿಟ್ಟು ಎಲ್ಲವನ್ನೂ ಅಳೆದಿದ್ದಾನೆ ಅಂತ.

ಮಗಳು ಪಕ್ ಹೊಡೆದಳು. ಎದುರಿಗೆ ಹೋಗಬೇಕಾದ ಪಕ್ ಬ್ಲೇಡಿನ, ಅಂದರೆ ಸ್ಟಿಕ್ಕಿನ ಕೆಳಗಿನ ಅಗಲ ಪಟ್ಟಿಯ, ತುದಿಯಿಂದ ಜಾರಿ ಪಕ್ಕದಲ್ಲಿ ನಿಂತಿದ್ದ ಹುಡುಗನ ಕಾಲಿಗೆ ಬಡಿಯಿತು. ಮತ್ತೆ ಹೊಡೆದಳು. ಮತ್ತೆ ಅವನ ಕಾಲಿಗೇ. ಮೂರನೇ ಸಲ ಅವನೇ ದೂರ ಹೋಗಿ ನಿಂತ. ಕೋಚ್ ಸರ್ ಬಂದು ಸ್ಟಿಕ್ ತಿರುಗಿಸಿ ನೋಡಿ ನಕ್ಕರು. "ಮೇಡಂ, ಇದು ಲೆಫ್ಟ್ ಸ್ಟಿಕ್. ಇವಳು ಹಿಡಿಯೋದು ರೈಟ್."

ಇವಳು ಬರೆಯುವುದು, ಉಣ್ಣುವುದು ಎಲ್ಲ ಬಲಗೈಯಲ್ಲೇ. ತಮ್ಮ ಅದನ್ನೇ ಅಂಗಡಿಯಲ್ಲಿ ಹೇಳಿದ್ದಾನೆ. ಅಲ್ಲಿಯವರ ಲೆಕ್ಕ ಬೇರೆ. ಬಲಗೈ ಚುರುಕಾಗಿದ್ದರೆ ಅದು ಸ್ಟಿಕ್ಕಿನ ಮೇಲ್ತುದಿ ಹಿಡಿಯಬೇಕು, ಒಂದೇ ಕೈಯಲ್ಲಿ ಸ್ಟಿಕ್ ಆಡಿಸಬೇಕಾದಾಗ ಅನುಕೂಲ ಅಂತ. ಆಗ ಎಡಗೈ ಕೆಳಗೆ ಬರುತ್ತದೆ. ಕೆಳಗಿನ ಕೈ ಯಾವುದೋ ಸ್ಟಿಕ್ಕಿಗೂ ಅದೇ ಹೆಸರು, ಬ್ಲೇಡಿನ ಡೊಂಕೂ (ಕರ್ವ್) ಆ ಹಿಡಿತಕ್ಕೆ ತಕ್ಕ ಕಡೆಗೇ. ಹಾಗಾಗಿ ಕೆನಡಾದಲ್ಲಿ ಬಲಗೈಯಲ್ಲಿ ಬರೆಯುವ ಎಷ್ಟೋ ಮಕ್ಕಳು ಹಿಡಿಯುವುದು ಲೆಫ್ಟ್ ಸ್ಟಿಕ್ಕೇ.

ನಮ್ಮ ಹುಡುಗಿ ಎರಡು ವರ್ಷದಿಂದ ಸ್ಕೂಲಿನಲ್ಲಿ ಆಡಿರುವುದು ನೆಲದ ಹಾಕಿ. ಅದರಲ್ಲಿ ಲೆಫ್ಟು ರೈಟು ಅನ್ನುವ ಮಾತೇ ಇಲ್ಲ. ಸ್ಟಿಕ್ಕಿನ ಎಡ ಮುಖ ಚಪ್ಪಟೆ, ಬಲ ಮುಖ ಗುಂಡಗೆ, ಚೆಂಡು ತಾಗಬೇಕಾದ್ದು ಚಪ್ಪಟೆ ಕಡೆಗೇ. ಎಡಚರಾದರೂ ಸರಿ, ಎಡಗೈ ಮೇಲೆ, ಬಲಗೈ ಕೆಳಗೆ. ಶಾಂತಿನಗರದ ಹಾಕಿ ಸ್ಟೇಡಿಯಮ್ಮಿನಲ್ಲಿ ಯಾರ ಕೈ ಬೇಕಾದರೂ ನೋಡಿ, ಎಲ್ಲರದೂ ಒಂದೇ ಹಿಡಿತ. ಅದು ಐಸ್ ಹಾಕಿಯ ಭಾಷೆಯಲ್ಲಿ ರೈಟ್. ತಮ್ಮ ಒಂದು ಫೋನ್ ಮಾಡಿ "ಪುಟ್ಟಿ ಪೊರಕೆ ಹೇಗೆ ಹಿಡೀತಾಳೆ" ಅಂತ ಕೇಳಿದ್ದರೂ ಸಾಕಿತ್ತು. ಹಾಗಂತ ಅವನನ್ನು ಬೈಯುವ ಮುಖ ನನಗಿಲ್ಲ. ಮನೆಯಲ್ಲಿದ್ದ ಹಾಕಿ ಸ್ಟಿಕ್ಕನ್ನು ನಾನೂ ಎರಡು ವರ್ಷ ನೋಡಿದ್ದೇನಲ್ಲ.

ಹಿಡಿತ ಬದಲಾಯಿಸಿ ನೋಡು ಅಂದರು ಸರ್. ನೋಡಿದಳು. ಎಡಗೈಯಲ್ಲಿ ಊಟ ಮಾಡಿದ ಹಾಗಿತ್ತು. ಸಾಲದ್ದಕ್ಕೆ, ಪಕ್ ಎಡಗಡೆ ಬಂದರೆ ಸಾಕು, ನೆಲದ ಹಾಕಿಯ ಅಭ್ಯಾಸದಲ್ಲಿ ಸ್ಟಿಕ್ಕನ್ನೇ ಮಗುಚಿ ರಿವರ್ಸ್ ಹೊಡೆಯಲು ಹೋಗುತ್ತಾಳೆ. ಇಲ್ಲಿ ಬ್ಲೇಡಿನ ಎರಡೂ ಮುಖದಿಂದ ಹೊಡೆಯಬಹುದು, ಹಿಂಬದಿಯಿಂದ ಹೊಡೆದರೆ ಬ್ಯಾಕ್‌ಹ್ಯಾಂಡ್, ಮಗುಚುವ ಅಗತ್ಯವೇ ಇಲ್ಲ. ರಿಂಕಿನ ಮಕ್ಕಳಿಗೆಲ್ಲ ಒಳ್ಳೆ ತಮಾಷೆ.

ಕರ್ವ್ ತಿರುಗಿಸೋಕೆ ಆಗಲ್ವಾ ಅಂತ ರಾತ್ರಿ ತಮ್ಮನನ್ನು ಕೇಳಿದೆ. ಅವನಿಗೆ ಪಾಪ, ಬೇಜಾರಾಗಿತ್ತು. ಅದನ್ನು ಮುಚ್ಚಿಕೊಳ್ಳಲು ಚರಿತ್ರೆ ಶುರು ಮಾಡಿದ. ಮೊದಲು ಐಸ್ ಹಾಕಿ ಬ್ಲೇಡುಗಳೆಲ್ಲ ನೆಟ್ಟಗೇ ಇದ್ದವಂತೆ. 1960ರ ದಶಕದ ಶುರುವಿನಲ್ಲಿ ಶಿಕಾಗೊ ತಂಡದ ಸ್ಟಾನ್ ಮಿಕಿಟಾ ಪ್ರಾಕ್ಟೀಸಿನಲ್ಲಿದ್ದಾಗ ಸ್ಟಿಕ್ ಬಿರುಕು ಬಿಟ್ಟು ಬಾಗಿತಂತೆ. ಸಿಟ್ಟಿನಲ್ಲಿ ಅದರಲ್ಲೇ ಹೊಡೆದರೆ ಪಕ್ ಹೋದ ರೀತಿಯೇ ಬೇರೆ. ಆಮೇಲೆ ಆಟಗಾರರು ಮರದ ಬ್ಲೇಡನ್ನು ನೆನೆಸಿ, ಬಿಸಿ ಮಾಡಿ, ಬಾಗಿಲ ಸಂದಿಗೆ ಸಿಕ್ಕಿಸಿ ಬಗ್ಗಿಸತೊಡಗಿದರು. ಬಾಳೆಹಣ್ಣಿನ ಥರ ಬಾಗಿಸಿ ಅತಿ ಮಾಡಿದ ಮೇಲೆ ನಿಯಮ ಬಂತು. ಈಗ ಅಮೆರಿಕ, ಕೆನಡಾದ ದೊಡ್ಡ ಲೀಗ್ ಆದ ಎನ್‌ಎಚ್‌ಎಲ್‌ನಲ್ಲಿ ಡೊಂಕು ಮುಕ್ಕಾಲು ಇಂಚು, ಅಂದರೆ 19 ಮಿ.ಮೀ. ಮೀರಬಾರದು.

"ಅದೆಲ್ಲ ಇರಲಿ, ನಂದು ಬಗ್ಗುತ್ತಾ?"

"ಇಲ್ಲ ಅಕ್ಕಾ. ಅದು ಕಾರ್ಬನ್ನು, ಅಂಟು. ಆಚೆ ಕಡೆಗೆ ಬಗ್ಗೋ ಅಷ್ಟು ಬಿಸಿ ಮಾಡಿದ್ರೆ ಪದರ ಬಿಟ್ಟುಕೊಳ್ಳುತ್ತೆ. ಪ್ಲಾಸ್ಟಿಕ್ ಬ್ಲೇಡ್ ಇರೋ ಹಳೇ ಸ್ಟಿಕ್ ಸಿಗುತ್ತಾ ನೋಡು. ಇಲ್ಲಿ ಬೀದಿಯಲ್ಲಿ ಆಡೋ ಮಕ್ಕಳು ಅದನ್ನ ಸ್ಟವ್ ಮೇಲೆ ಹಿಡಿದು ಬಗ್ಗಿಸ್ತಾರೆ."

ಕೋಚ್ ಸರ್ ಹತ್ತಿರ ಸಿಕ್ಕಿತು. ಮರದ ಕೋಲು, ಎಬಿಎಸ್ ಪ್ಲಾಸ್ಟಿಕ್ ಬ್ಲೇಡು. ಯಾವುದೋ ದೊಡ್ಡ ಹುಡುಗ ಬಿಟ್ಟು ಹೋಗಿದ್ದು. ಅದೂ ಲೆಫ್ಟೇ! "ಹಾಳಾದ್ರೂ ಪರವಾಗಿಲ್ಲ, ಪ್ರಯೋಗ ಮಾಡಿ" ಅಂದರು.

ಭಾನುವಾರ ಪಲಾವ್ ಮಾಡುವ ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿ ಬ್ಲೇಡ್ ಮುಳುಗಿಸಿದೆ. ಕಾಲು ಗಂಟೆ. ಬಚ್ಚಲ ಬಾಗಿಲ ಸಂದಿಗೆ ಸಿಕ್ಕಿಸಿ ಎಳೆದೆ. ಸ್ವಲ್ಪ ಬಗ್ಗಿತು. ಕೈ ಬಿಟ್ಟ ತಕ್ಷಣ ವಾಪಸ್. ಮೂರು ಸಲವೂ ಇದೇ ಕಥೆ. ಬಾಗಿಲ ಬಣ್ಣ ಮಾತ್ರ ಎದ್ದು ಬಂತು. "ನಾಯಿ ಬಾಲದ ಡೊಂಕು ತಿದ್ದೋಕೆ ಹೊರಟಿದ್ದೀಯ" ಅಂದರು ಅತ್ತೆ, ಹೂ ಕಟ್ಟುತ್ತಾ. ಕಾರಣ ಆಮೇಲೆ ಹೊಳೆಯಿತು. ಬೆಂಗಳೂರು ಇರುವುದು ಸಮುದ್ರ ಮಟ್ಟದಿಂದ 900 ಮೀಟರಿಗೂ ಮೇಲೆ. ಇಲ್ಲಿ ನೀರು ಕುದಿಯುವುದೇ 97 ಡಿಗ್ರಿ ಹತ್ತಿರ. ಎಬಿಎಸ್ ಮೆತ್ತಗಾಗಲು 100 ದಾಟಬೇಕು. ಇಡೀ ದಿನ ಕುದಿಸಿದರೂ ಅಷ್ಟೇ. ಗ್ಯಾಸ್ ಒಲೆಯ ಉರಿಗೆ ಹಿಡಿಯಲು ಧೈರ್ಯ ಬರಲಿಲ್ಲ.

ನಮ್ಮ ಹನುಮಂತನಗರದ ಕಡೆ ಫುಟ್‌ಪಾತ್ ಮೇಲೆ ಬೆತ್ತದ ಕುರ್ಚಿ ಮಾಡುವ ಒಬ್ಬರಿದ್ದಾರೆ. ಬೆಂಕಿಯಲ್ಲಿ ಕಾಯಿಸಿ ಬೆತ್ತ ಬಗ್ಗಿಸುವುದನ್ನು ಎಷ್ಟೋ ಸಲ ನಿಂತು ನೋಡಿದ್ದೆ. ಸ್ಟಿಕ್ ಹಿಡಿದು ಅವರ ಮುಂದೆ ನಿಂತೆ. ಉಗುರಿನಿಂದ ಗೀರಿ ನೋಡಿ ತಲೆ ಅಲ್ಲಾಡಿಸಿದರು. "ಇದು ಪ್ಲಾಸ್ಟಿಕ್ಕಮ್ಮಾ. ಉರಿ ತಾಗಿದ್ರೆ ಕಪ್ಪಾಗಿ ಕರಗುತ್ತೆ. ಬಿಸಿಗಾಳಿ ಬಿಡೋರ ಹತ್ರ ಹೋಗಿ." ಹೊರಟವಳನ್ನು ಮತ್ತೆ ಕರೆದರು. "ಎಷ್ಟು ಬೇಕೋ ಅದಕ್ಕಿಂತ ಒಂದು ಬೆರಳು ಜಾಸ್ತಿ ಬಗ್ಗಿಸಿ. ಆರಿದ ಮೇಲೆ ಅದು ಸ್ವಲ್ಪ ಬಿಚ್ಚಿಕೊಳ್ಳುತ್ತೆ. ಆರೋವರೆಗೂ ಕೈ ಬಿಡಬೇಡಿ." ಇಡೀ ಪ್ರಯೋಗದಲ್ಲಿ ನನಗೆ ಸಿಕ್ಕ ಒಳ್ಳೆಯ ಸಲಹೆ ಇದೊಂದೇ, ಅದೂ ಪುಕ್ಕಟೆ.

ಬಿಸಿಗಾಳಿ ಅಂದರೆ ಜೆ.ಸಿ. ರಸ್ತೆ. ಕಾರಿನ ಗಾಜಿಗೆ ಫಿಲ್ಮ್ ಅಂಟಿಸುವವರ ಕೈಯಲ್ಲಿ ಹೀಟ್ ಗನ್ ಇದ್ದೇ ಇರುತ್ತದೆ. ಅಲ್ಲಿ ಪಾರ್ಕಿಂಗ್ ಹುಡುಕುವುದಕ್ಕಿಂತ ಆಟೋನೇ ವಾಸಿ ಅಂತ ಮಗಳನ್ನೂ ಸ್ಟಿಕ್ಕನ್ನೂ ಹತ್ತಿಸಿಕೊಂಡು ಹೋದೆ. ಸ್ಟಿಕ್ ಅರ್ಧ ಹೊರಗೆ. ಮೊದಲ ಎರಡು ಅಂಗಡಿಯವರು ಕಾರು ಎಲ್ಲಿ ಅಂತ ಕೇಳಿದರು. ಮೂರನೆಯ ಅಂಗಡಿಯಲ್ಲಿ ಇಪ್ಪತ್ತರ ಹುಡುಗನೊಬ್ಬ ಖಾಲಿ ಕೂತಿದ್ದ. "ಇದೇನ್ ಮೇಡಂ, ದೋಸೆ ಮಗುಚೋದಾ?" ಅಂದ. ಆದರೆ ವಿಷಯ ಹೇಳಿದ್ದೇ ತಡ, ಕೈಗವಸು ಹಾಕಿಕೊಂಡ.

ಒಂದೇ ಜಾಗಕ್ಕೆ ಗಾಳಿ ಹಿಡಿಯಲಿಲ್ಲ. ಇಸ್ತ್ರಿ ಮಾಡುವವರ ಹಾಗೆ ಆಚೆ ಈಚೆ ಓಡಿಸಿದ. ಎರಡು ಮೂರು ನಿಮಿಷಕ್ಕೆ ಬ್ಲೇಡ್ ಹಪ್ಪಳದ ಹಿಟ್ಟಿನ ಥರ ಬಳುಕಿತು. ಮೊದಲು ಮೇಜಿಗೆ ಒತ್ತಿ ನೆಟ್ಟಗೆ ಮಾಡಿದ. ಮತ್ತೆ ಬಿಸಿ ಮಾಡಿ, ಮೇಜಿನ ಅಂಚಿಗೆ ಕೊಟ್ಟು ಆಚೆ ಕಡೆಗೆ ಬಾಗಿಸಿ, ಬಕೆಟ್ ನೀರಿಗೆ ಅದ್ದಿದ. ನೋಡಿದರೆ ಬಾಗಿದ್ದಷ್ಟೇ ಅಲ್ಲ, ತಿರುಚಿಕೊಂಡೂ ಇದೆ. ಮುಖ ಆಕಾಶ ನೋಡುತ್ತಿದೆ. ಅಷ್ಟು ತೆರೆದರೆ ಹೊಡೆದ ಪಕ್ಕೆಲ್ಲ ಮೇಲಕ್ಕೇ ಹಾರುತ್ತದೆ. "ಇದು ಸೌಟು" ಅಂದಳು ಮಗಳು. ಅವನು ನಗುತ್ತಾ ಮತ್ತೆ ಗನ್ ಹಚ್ಚಿದ. ಈ ಸಲ ಅವಳೇ ಹೇಳಿಕೊಟ್ಟಳು. ಬ್ಲೇಡಿನ ಹಿಮ್ಮಡಿ, ಅಂದರೆ ಅದು ಕೋಲಿಗೆ ಸೇರುವ ಕಡೆ, ಅದರ ಹತ್ತಿರ ಬೇಡ, ನಡುವಿನಿಂದ ಶುರುವಾಗಲಿ, ತುದಿ ಸ್ವಲ್ಪ ಮಾತ್ರ. ಬೆತ್ತದವರು ಹೇಳಿದ್ದು ನೆನಪಾಗಿ ನಾನು ಒಂದು ಬೆರಳು ಜಾಸ್ತಿ ಕೇಳಿದೆ. ದುಡ್ಡು ಬೇಡ ಅಂದ. ಕೊನೆಗೆ ನೂರು ರೂಪಾಯಿ ತೆಗೆದುಕೊಂಡ.

ಮನೆಗೆ ಬಂದು ಹಿಮ್ಮಡಿಯಿಂದ ತುದಿಗೆ ಸ್ಕೇಲ್ ಅಡ್ಡ ಇಟ್ಟು, ಜಾಸ್ತಿ ಆಳ ಇರುವ ಕಡೆ ಅಳೆದೆವು. 15 ಮಿ.ಮೀ. ಗೋಣಿದಾರದಂಥ ಬಟ್ಟೆ ಟೇಪನ್ನು ಹಿಮ್ಮಡಿಯಿಂದ ತುದಿವರೆಗೆ ಸುತ್ತಿದಳು.

ಶನಿವಾರ ಪಕ್ ಎದುರಿಗೆ ಹೋಯಿತು. ಗೋಲಿಗೇನೂ ಹೋಗಲಿಲ್ಲ, ಕಂಬದ ಪಕ್ಕ. ಆದರೆ ಅವಳು ಕಣ್ಣಿಟ್ಟ ಕಡೆಗೇ ಹೋಯಿತು. ಕಾಲಿಗೆ ಏಟು ತಿಂದಿದ್ದ ಹುಡುಗ ಮತ್ತೆ ಹತ್ತಿರ ಬಂದು ನಿಂತ.

ಎರಡು ವಾರ ಬಿಟ್ಟು ಅಳೆದರೆ 11 ಮಿ.ಮೀ. ಬಿಚ್ಚಿಕೊಳ್ಳುತ್ತಿದೆ. ಇನ್ನೊಂದು ಸಲ ಜೆ.ಸಿ. ರಸ್ತೆಗೆ ಹೋಗೋಣ್ವಾ ಅಂತ ಕೇಳಿದೆ.

"ಬೇಡಮ್ಮಾ. ಕಮ್ಮಿ ಡೊಂಕಿದ್ರೆ ಬ್ಯಾಕ್‌ಹ್ಯಾಂಡೂ ಬರ್ತಿದೆ" ಅಂದಳು. ಈಗ ಸ್ಟಿಕ್ ಮಗುಚುವುದನ್ನೂ ಬಿಟ್ಟಿದ್ದಾಳೆ. ಕಾರ್ಬನ್ ಸ್ಟಿಕ್ ಅಟ್ಟದ ಮೇಲಿದೆ. ಮಾಮ ಫೋನ್ ಮಾಡಿದಾಗಲೆಲ್ಲ ಅದು ಹೇಗಿದೆ ಅಂತ ಕೇಳುತ್ತಾನೆ. "ಒಂದು ಗೀರೂ ಬಿದ್ದಿಲ್ಲ ಮಾಮ" ಅನ್ನುತ್ತಾಳೆ.