ಡೀಸೆಲ್ ಎಂಜಿನ್ ತೆಗೆದು ಸೋಲಾರ್ ಪಂಪ್ ಹಾಕುವಾಗ ಎಚ್‌ಪಿ ಬಿಡಿ, ಲೀಟರ್ ಲೆಕ್ಕ ಹಾಕಿ

"ಬಾವಿಗೆ 5 ಎಚ್‌ಪಿ ಡೀಸೆಲ್ ಎಂಜಿನ್ ಇತ್ತು, ಸೋಲಾರೂ 5 ಎಚ್‌ಪಿನೇ ಕೊಡಿ." ಹೆಚ್ಚಿನವರು ಕೇಳುವುದು ಹೀಗೆ. ತಪ್ಪು ಶುರುವಾಗುವುದೂ ಇಲ್ಲೇ. ಎಂಜಿನ್ ಗಂಟೆಗೆ ಸುಮಾರು ಒಂದು ಲೀಟರ್ ಡೀಸೆಲ್ ಕುಡಿದರೂ ಬೆಳಿಗ್ಗೆಯಿಂದ ಸಂಜೆವರೆಗೆ ಒಂದೇ ವೇಗದಲ್ಲಿ ಓಡುತ್ತದೆ. ಸೋಲಾರ್ ಪಂಪಿನ ವೇಗ ಬಿಸಿಲಿನ ಜೊತೆ ಏರುತ್ತದೆ, ಇಳಿಯುತ್ತದೆ. ಹಾಗಾಗಿ ದಿನಕ್ಕೆ ಎಷ್ಟು ನೀರು, ಎಷ್ಟು ಎತ್ತರಕ್ಕೆ ಎಂಬುದನ್ನು ಮೊದಲು ಬರೆದಿಟ್ಟುಕೊಳ್ಳಬೇಕು.

ಎರಡು ಎಕರೆ ತರಕಾರಿಗೆ ಡ್ರಿಪ್ ಇದೆ ಎನ್ನಿ. ಬೇಸಿಗೆಯಲ್ಲಿ ದಿನಕ್ಕೆ 5 ಮಿ.ಮೀ. ನೀರೆಂದರೆ ಎಕರೆಗೆ 20,000 ಲೀಟರ್, ಒಟ್ಟು 40,000. ಬೇಸಿಗೆಯಲ್ಲಿ ಬಾವಿ ನೀರು 60 ಅಡಿ ಕೆಳಗೆ, ತೊಟ್ಟಿಯ ಬಾಯಿ ನೆಲದಿಂದ 20 ಅಡಿ ಮೇಲೆ, ಪೈಪಿನ ಘರ್ಷಣೆಗೆ 10 ಅಡಿ. ಒಟ್ಟು ಹೆಡ್ (ಪಂಪು ನೀರೆತ್ತಬೇಕಾದ ಎತ್ತರ) 90 ಅಡಿ, ಅಂದರೆ ಸುಮಾರು 27 ಮೀಟರ್. ಇಷ್ಟು ನೀರನ್ನು ಇಷ್ಟೆತ್ತರಕ್ಕೆ ಏರಿಸಲು ಬೇಕಾದ ಶಕ್ತಿ ಬರೀ 3 ಯೂನಿಟ್. ಪಂಪು, ಮೋಟಾರು ಸೇರಿ ದಕ್ಷತೆ ಶೇ 40 ಎಂದು ಹಿಡಿದರೂ ಏಳೂವರೆ ಯೂನಿಟ್. ಬಯಲುಸೀಮೆಯಲ್ಲಿ 1 ಕಿಲೋವ್ಯಾಟ್ ಪ್ಯಾನೆಲ್ ಒಳ್ಳೆ ಬಿಸಿಲಿನ ದಿನ 4ರಿಂದ 4.5 ಯೂನಿಟ್ ಕೊಡುತ್ತದೆ. ಅಲ್ಲಿಗೆ 1,800 ವ್ಯಾಟ್ ಪ್ಯಾನೆಲ್, 2 ಎಚ್‌ಪಿ ಪಂಪು ಸಾಕು. 5 ಎಚ್‌ಪಿಗೆ ಸಾಮಾನ್ಯವಾಗಿ 4,800 ವ್ಯಾಟ್ ಬೇಕು. ಡೀಸೆಲ್ ಪಂಪುಗಳನ್ನು ಬದಲಿಸಲೂ ನೆರವಾಗುವ ಕೇಂದ್ರ ಸರ್ಕಾರದ ಪಿಎಂ-ಕುಸುಮ್ ಯೋಜನೆಯ 'ಬಿ' ಭಾಗದಲ್ಲಿ ಸಹಾಯಧನ ಸಿಗುತ್ತದೆ ಎಂದು ದೊಡ್ಡದನ್ನೇ ಆರಿಸಿದರೆ ಬಾವಿ ಮಧ್ಯಾಹ್ನದೊಳಗೆ ತಳ ಕಾಣುತ್ತದೆ.

ಇನ್ನು ಹೆಡ್. ಬೆಳಿಗ್ಗೆ ಪಂಪು ತಿರುಗುವ ಸದ್ದು ಕೇಳುತ್ತದೆ, ಪೈಪಿನ ಬಾಯಲ್ಲಿ ಹನಿ ನೀರಿಲ್ಲ. ಪಂಪು ಕೆಟ್ಟಿಲ್ಲ. ವೇಗ ಕಡಿಮೆಯಾದರೆ ಪಂಪು ನೀರೆತ್ತುವ ಎತ್ತರ ವೇಗದ ವರ್ಗದ ಪ್ರಮಾಣದಲ್ಲಿ ಕುಸಿಯುತ್ತದೆ. ಪೂರ್ಣ ವೇಗದಲ್ಲಿ, ಅಂದರೆ 50 ಹರ್ಟ್ಜ್‌ನಲ್ಲಿ, ಗರಿಷ್ಠ 40 ಮೀಟರ್ ಎತ್ತುವ ಪಂಪು 40 ಹರ್ಟ್ಜ್‌ನಲ್ಲಿ ಎತ್ತುವುದು 25.6 ಮೀಟರ್ ಮಾತ್ರ. ನಮ್ಮ ಬಾವಿಗೆ 27 ಬೇಕಲ್ಲ! ನೀರು ಮೇಲೆ ಬರದೆ ಅಲ್ಲೇ ಸುತ್ತಿ ಬಿಸಿಯಾಗುತ್ತದೆ, ಮೋಟಾರಿನ ಆಯಸ್ಸು ತಗ್ಗುತ್ತದೆ. ಅದೇ ಎಚ್‌ಪಿಯಲ್ಲಿ ಸ್ಟೇಜ್ (ಒಂದರ ಮೇಲೊಂದು ಕೂರುವ, ನೀರು ತಳ್ಳುವ ಚಕ್ರ) ಹೆಚ್ಚಿರುವ, ಹೆಡ್‌ನಲ್ಲಿ ಸಾಕಷ್ಟು ಅಂತರ ಬಿಡುವ ಪಂಪು ಕೇಳಿ. ನಾಮಫಲಕದ ಎಚ್‌ಪಿಗಿಂತ ಪಂಪಿನ ಹೆಡ್-ಡಿಸ್ಚಾರ್ಜ್ ಚಾರ್ಟ್ (ಯಾವ ಎತ್ತರಕ್ಕೆ ಎಷ್ಟು ನೀರು ಎಂಬ ಪಟ್ಟಿ) ನೋಡುವುದು ಮುಖ್ಯ.

ಬಾವಿಗೆ ಸಬ್‌ಮರ್ಸಿಬಲ್ ಪಂಪನ್ನೇ ಹಾಕಿ. ಮೇಲಿಟ್ಟ ಪಂಪು ನೀರು ಹೀರುವುದು 6–7 ಮೀಟರ್ ಆಳದಿಂದ ಅಷ್ಟೇ. ಆ ಕಾರಣಕ್ಕೇ ಬಾವಿಯೊಳಗೆ ಅಟ್ಟಣೆ ಕಟ್ಟಿ ಎಂಜಿನ್ ಇಳಿಸುತ್ತಿದ್ದರು. ಹೊಗೆ ಒಳಗೇ ತುಂಬಿ, ಎಂಜಿನ್ ನೋಡಲು ಇಳಿದವರ ಜೀವಕ್ಕೇ ಕುತ್ತು. ಆ ಭಯ ಒಂದು ತಪ್ಪುವುದೇ ಸಾಕು, ಡೀಸೆಲ್ ಬಿಡಲು.

ಪ್ಯಾನೆಲ್‌ಗಳು ದಕ್ಷಿಣಕ್ಕೆ ಮುಖ ಮಾಡಿರಲಿ, ಓರೆ ಆ ಊರಿನ ಅಕ್ಷಾಂಶದಷ್ಟು: ಬೆಂಗಳೂರಿನ ಸುತ್ತ 13 ಡಿಗ್ರಿ, ಕಲಬುರಗಿಯಲ್ಲಿ 17. ಜಾಗ ನೋಡುವಾಗ ತೆಂಗಿನ ಗರಿಯ ನೆರಳನ್ನು ಬೆಳಿಗ್ಗೆ 9ಕ್ಕೂ ಸಂಜೆ 4ಕ್ಕೂ ಗಮನಿಸಿ. ಪ್ಯಾನೆಲ್‌ಗಳು ಒಂದರ ಬಾಲ ಒಂದು ಹಿಡಿದಂತೆ ಸರಣಿಯಲ್ಲಿರುತ್ತವೆ. ಒಂದೆರಡರ ಮೇಲೆ ನೆರಳು ಬಿದ್ದು ವೋಲ್ಟೇಜ್, ಪ್ಯಾನೆಲ್ ವಿದ್ಯುತ್ತನ್ನು ಪಂಪಿಗೆ ಹೊಂದಿಸಿ ಕೊಡುವ ಕಂಟ್ರೋಲರ್‌ನ ಕನಿಷ್ಠ ಮಿತಿಗಿಂತ ಇಳಿದರೆ ಪಂಪೇ ನಿಲ್ಲುತ್ತದೆ. ಧೂಳು ತೊಳೆಯುವುದು ಬೆಳಗಿನ ತಂಪಿನಲ್ಲಿ; ಉಪ್ಪಿನಂಶದ ಬೋರ್ ನೀರಾದರೆ ಒಣಗುವ ಮೊದಲೇ ಒರೆಸಿ, ಇಲ್ಲದಿದ್ದರೆ ಬಿಳಿ ಕಲೆ ಕೂರುತ್ತದೆ.

ಪ್ಯಾನೆಲ್ ಹಿಂದಿನ ಎಂಸಿ4 ಕನೆಕ್ಟರ್ 'ಟಕ್' ಎನ್ನುವವರೆಗೆ ಒತ್ತಿ. ಸಡಿಲವಿದ್ದರೆ ಅಲ್ಲೇ ಬಿಸಿಯಾಗಿ ಪ್ಲಾಸ್ಟಿಕ್ ಕರಗುತ್ತದೆ. ಪಂಪು ಓಡುವಾಗ ಅದನ್ನು ಎಂದೂ ಎಳೆಯಬೇಡಿ. ಡಿಸಿ ಕಿಡಿ ಎಸಿಯಂತೆ ತಾನೇ ಆರುವುದಿಲ್ಲ, ಕೈ ಸುಡುತ್ತದೆ. ಮೊದಲು ಕಂಟ್ರೋಲರ್ ನಿಲ್ಲಿಸಿ, ಆಮೇಲೆ ಪ್ಯಾನೆಲ್ ಸಂಪರ್ಕ ಕಡಿಯುವ ಐಸೋಲೇಟರ್ ಸ್ವಿಚ್ ಆಫ್ ಮಾಡಿ. ಗುಡುಗು-ಸಿಡಿಲಿನ ಏಪ್ರಿಲ್-ಮೇ ಮಳೆಗೆ ಮುಂಚೆ ಅರ್ಥಿಂಗ್ ಗುಂಡಿಗಳಿಗೆ ನೀರು ಹಾಕಿ, ತಂತಿಯ ಬೋಲ್ಟ್ ಬಿಗಿ ಮಾಡಿ.

ಬ್ಯಾಟರಿ ಬೇಡ, ತೊಟ್ಟಿಯೇ ಬ್ಯಾಟರಿ. ಒಂದು ದಿನದ ನೀರು ಹಿಡಿಯುವ ತೊಟ್ಟಿ ಇದ್ದರೆ ಮೋಡದ ದಿನವೂ ಬೆಳೆ ಒಣಗದು. ತೊಟ್ಟಿಗೊಂದು ಫ್ಲೋಟ್ ಸ್ವಿಚ್, ಬಾವಿಗೊಂದು ಡ್ರೈ-ರನ್ ಸೆನ್ಸರ್ (ನೀರು ತೀರಿದರೆ ಪಂಪು ನಿಲ್ಲಿಸುವುದು) ಹಾಕಿಸಿ. ಬಿಸಿಲಿಗೆ ದುಡ್ಡಿಲ್ಲವೆಂದು ಪಂಪು ಇಡೀ ದಿನ ಓಡದೆ, ತೊಟ್ಟಿ ತುಂಬಿದೊಡನೆ ನಿಲ್ಲುತ್ತದೆ.